ಬದಲಿ ದಿನಾಂಕ

ದಾಖಲೆಯಲ್ಲಿ ನಿಜವಾದ ದಿನಾಂಕ ಇಲ್ಲದಿದ್ದಾಗ ವರದಿಗಾಗಿ ಅದರ ಜಾಗದಲ್ಲಿ ಹಿಡಿಯುವ ಇನ್ನೊಂದು ದಿನಾಂಕ. ಸರಕು ರವಾನೆಯಾದ ದಿನ ಖಾಲಿಯಿದ್ದರೆ ಆರ್ಡರ್ ಬಂದ ದಿನವನ್ನು ಎಣಿಸುವುದು ಒಂದು ಬಗೆ. 1900-01-01 ಅಥವಾ 9999-12-31ರಂಥ ಗೊತ್ತುಪಡಿಸಿದ ದಿನವನ್ನು ತುಂಬುವುದು ಇನ್ನೊಂದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ರೂಢಿಯಿದ್ದರೂ ಮೊದಲನೆಯದು ಅಂದಾಜು, ಎರಡನೆಯದು ಬರೀ ಗುರುತು.

ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಕೋಷ್ಟಕಗಳ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. ಇಲ್ಲದ ಮೌಲ್ಯವನ್ನು ‘ನಲ್’ ಎಂದು ಗುರುತಿಸಿ, ಹೌದು–ಅಲ್ಲಗಳ ಜೊತೆಗೆ ‘ತಿಳಿಯದು’ ಎಂಬ ಮೂರನೆಯ ಉತ್ತರಕ್ಕೂ ಎಡೆಯಿರುವ ತರ್ಕವನ್ನು 1979ರ ಪ್ರಬಂಧದಲ್ಲಿ ವಿವರಿಸಿದರು. ನಲ್ ಬೇಡ, ಗೊತ್ತುಪಡಿಸಿದ ಮೌಲ್ಯವೇ ಸಾಕು ಎಂಬುದು ದತ್ತಾಂಶ ತಜ್ಞ ಕ್ರಿಸ್ ಡೇಟ್ ಅವರ ವಾದ. 1990ರ ಪುಸ್ತಕದಲ್ಲಿ ಕಾಡ್ ನಲ್ ಎಂಬ ಗುರುತನ್ನೇ ಎರಡಾಗಿ ಒಡೆದರು: ಇದ್ದೂ ತಿಳಿಯದ್ದು, ಅನ್ವಯಿಸದೇ ಇರುವುದು. ದಿನಾಂಕದ ಮಟ್ಟಿಗೆ ಈ ಭೇದ ಬಹಳ ಮುಖ್ಯ. ರವಾನೆಯ ದಿನವನ್ನು ಬರೆಯಲು ಮರೆತದ್ದು ಬೇರೆ, ರದ್ದಾದ ಆರ್ಡರಿನ ಸರಕು ಹೊರಡದೇ ಇರುವುದು ಬೇರೆ. ಕೋಷ್ಟಕಗಳಿಂದ ಮಾಹಿತಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್ ಈ ಭೇದವನ್ನು ಸ್ವೀಕರಿಸಲಿಲ್ಲ. ಅದರ 1992ರ ಮಾನಕದಲ್ಲಿ ಬಂದ ‘ಕೊಅಲೆಸ್’ ಫಂಕ್ಷನ್, ಸಾಲಾಗಿ ಕೊಟ್ಟ ಮೌಲ್ಯಗಳಲ್ಲಿ ಖಾಲಿಯಲ್ಲದ ಮೊದಲನೆಯದನ್ನು ಆರಿಸುತ್ತದೆ. ಯಾವುದು ಏಕೆ ಖಾಲಿ ಎಂದು ಕೇಳುವುದಿಲ್ಲ.

ದಿನಾಂಕಗಳಿಗೇ ಒಂದು ಕೋಷ್ಟಕವಿಟ್ಟು, ತಿಳಿಯದ ದಿನಕ್ಕೂ ಅದರಲ್ಲೊಂದು ಸಾಲು ಕೊಡುವ ಪದ್ಧತಿ ರಾಲ್ಫ್ ಕಿಂಬಾಲ್ ಅವರ ಬರಹಗಳಿಂದ ಹರಡಿತು. ಈ ಕೋಷ್ಟಕವನ್ನು ಬೇರೆ ಕೋಷ್ಟಕಗಳಿಗೆ ಜೋಡಿಸಬೇಕಾಗುತ್ತದೆ. 2015ರಲ್ಲಿ ಮಾರುಕಟ್ಟೆಗೆ ಬಂದ ಪವರ್ ಬಿಐ ಎಂಬ ವರದಿ ತಂತ್ರಾಂಶದಲ್ಲಿ ಎರಡು ಕೋಷ್ಟಕಗಳ ನಡುವೆ ಸಕ್ರಿಯ ಸಂಬಂಧ ಒಂದೇ ಇರಬಹುದು. ಉಳಿದವು ಚುಕ್ಕಿಗೆರೆಗಳಾಗಿ ಕಾಣುತ್ತವೆ, ‘ಯೂಸ್‌ರಿಲೇಶನ್‌ಶಿಪ್’ ಎಂಬ ಫಂಕ್ಷನ್‌ನಿಂದ ಕರೆದಾಗಷ್ಟೇ ಕೆಲಸಕ್ಕೆ ಬರುತ್ತವೆ. ಹಾಗಾಗಿ ಬದಲಿ ದಿನಾಂಕದ ಕಾಲಂ ಅನ್ನು ಸಕ್ರಿಯವಾಗಿ ಜೋಡಿಸಿ, ಮೂಲ ಕಾಲಂಗಳನ್ನು ಅಳಿಸದೆ ನಿಷ್ಕ್ರಿಯವಾಗಿ ಉಳಿಸಿಕೊಳ್ಳುವುದುಂಟು. ಯಾವ ಅಂಕಿ ಅಂದಾಜಿನದು ಎಂದು ಮುಂದೆ ತಿಳಿಯಲು ಇದು ನೆರವಾಗುತ್ತದೆ.

2025ರ ಫೆಬ್ರವರಿಯಲ್ಲಿ ಈ ವಿಷಯ ಸುದ್ದಿಮನೆಗಳಿಗೂ ಮುಟ್ಟಿತು. ಅಮೆರಿಕದ ಸಾಮಾಜಿಕ ಭದ್ರತಾ ದಾಖಲೆಗಳಲ್ಲಿ 150 ವರ್ಷದವರಿದ್ದಾರೆ ಎಂದು ಎಲಾನ್ ಮಸ್ಕ್ ಹೇಳಿದರು. ಅಲ್ಲಿ ಬಳಸುವ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಖಾಲಿ ದಿನಾಂಕವನ್ನು 1875ರ ಮೇ 20 ಎಂದು ಓದುತ್ತದೆ ಎಂಬ ವಿವರಣೆ ಕೂಡಲೇ ಹಬ್ಬಿತು. ಆ ದಿನ ಪ್ಯಾರಿಸಿನಲ್ಲಿ ಮೀಟರ್ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ದಿನಾಂಕ ಬರೆಯುವ ಮಾನಕವಾದ ಐಎಸ್‌ಒ 8601ರ 2004ರ ಆವೃತ್ತಿ ಅದನ್ನು ಆಧಾರ ದಿನವಾಗಿ ಹೆಸರಿಸಿದ್ದೂ ನಿಜ. ಆದರೆ ಕೋಬಾಲ್‌ನ ದಿನಾಂಕ ಫಂಕ್ಷನ್‌ಗಳು ಎಣಿಕೆ ಆರಂಭಿಸುವುದು 1601ರ ಜನವರಿ 1ರಿಂದ. ಆ ವಿವರಣೆಗಿಂತ ಗಟ್ಟಿಯಾದ ದಾಖಲೆ ಅದೇ ಸಾಮಾಜಿಕ ಭದ್ರತಾ ದಾಖಲೆಗಳ ಕುರಿತ 2023ರ ತಪಾಸಣಾ ವರದಿ: 1920ರಲ್ಲಿ ಅಥವಾ ಅದಕ್ಕೂ ಮೊದಲು ಹುಟ್ಟಿದ ಸುಮಾರು 1.89 ಕೋಟಿ ಜನರ ಮರಣದ ಮಾಹಿತಿ ದಾಖಲೆಯಲ್ಲಿರಲಿಲ್ಲ, ಅವರಲ್ಲಿ ಬಹುತೇಕ ಯಾರಿಗೂ ಹಣ ಸಂದಾಯವಾಗುತ್ತಿರಲಿಲ್ಲ. ಅಲ್ಲಿ ಖಾಲಿಯಿದ್ದದ್ದು ಮರಣದ ದಿನಾಂಕ. ಅದಕ್ಕೆ ಯಾವ ಬದಲಿಯನ್ನೂ ತುಂಬಿರಲಿಲ್ಲ.