ತೊಲೆ, ಕಮಾನು, ಮಕರತೋರಣ: ರಾಯಚೂರು ಸೀಮೆಯ ಅಲಂಕೃತ ಬಾಗಿಲುಗಳು

ಕೃಷ್ಣಾ–ತುಂಗಭದ್ರೆಯರ ನಡುವಿನ ಸೀಮೆಯ ಬಾಗಿಲುಗಳನ್ನು ವರ್ಣಿಸುವ ಹಳೆಯ ಬರಹಗಳು ಒಂದು ಸುಲಭ ಸೂತ್ರವನ್ನು ನೆಚ್ಚಿವೆ: ತೊಲೆ ಕಂಡರೆ ಹಿಂದೂ, ಕಮಾನು ಕಂಡರೆ ಮುಸ್ಲಿಂ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಕೋಟೆಯಲ್ಲಿ ಈ ಸೂತ್ರ ನಿಲ್ಲುವುದಿಲ್ಲ.

ಆರಂಭಕಾಲದ ಕಥೆ ಚಿಕ್ಕದು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನ ಇರುವುದು ಬೆಟ್ಟದ ಬಂಡೆಯ ಮೇಲೆ, ಅಲ್ಲಿ ಕಟ್ಟಡವಿಲ್ಲ.

ಅಲಂಕಾರದ ಪರಾಕಾಷ್ಠೆ ನೋಡಬೇಕಾದರೆ ನೆರೆಯ ಕೊಪ್ಪಳ ಜಿಲ್ಲೆಯ ಇಟಗಿಗೆ ಹೋಗಬೇಕು. ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯಲ್ಲಿ, ಬಾಗಿಲ ತೊಲೆಯ ಮೇಲೆ ಮಕರವೆಂಬ ಕಲ್ಪಿತ ಪ್ರಾಣಿಯ ಕೆತ್ತನೆಯ ಮಕರತೋರಣ ಬಾಗಿದೆ; ಅದರೊಳಗೆ ತ್ರಿಮೂರ್ತಿಗಳು. ನೋಟಕ್ಕೆ ಕಮಾನಾದರೂ ಅದು ಭಾರ ಹೊರುವುದಿಲ್ಲ. ಹೊರೆ ಹೊರುವುದು ಕೆಳಗಿನ ಅಡ್ಡತೊಲೆ.

ರಾಯಚೂರು ಕೋಟೆಯನ್ನು 1294ರಲ್ಲಿ ಕಾಕತೀಯರ ಅಧೀನದ ವಿಠ್ಠಲ ಕಟ್ಟಿಸಿದ. ಗಾರೆಯಿಲ್ಲದೆ ಪೇರಿಸಿದ ಅದರ ಗೋಡೆಯಲ್ಲಿ ಸುಮಾರು 12 ಮೀಟರ್ ಉದ್ದದ ಶಾಸನಶಿಲೆಯಿದೆ. ಅಂಥ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ಪರಿಯನ್ನೂ ಕೊರೆದಿದ್ದಾರೆ.

ಹೀಗೆ ದೊಡ್ಡ ಕಲ್ಲನ್ನೇ ನೆಚ್ಚುವ ತೊಲೆಗಿಂತ ಕಮಾನಿನ ಕೆಲಸವೇ ಬೇರೆ. ಉದ್ದ ತೊಲೆ ನಡುವೆ ಸೀಳಬಹುದು. ಕಮಾನಿನ ಬೆಣೆಯಾಕಾರದ ಕಲ್ಲುಗಳು ಭಾರವನ್ನು ಅಕ್ಕಪಕ್ಕಕ್ಕೆ ತಳ್ಳುತ್ತವೆ. ಆ ನೂಕನ್ನು ತಡೆಯಲು ದಪ್ಪ ಗೋಡೆ ಬೇಕು, ಅದು ಕೋಟೆಯಲ್ಲಿ ಹೇಗೂ ಇರುತ್ತದೆ. ಬಹಮನಿ, ವಿಜಯನಗರ, ಬಿಜಾಪುರದ ಕೈಯಿಂದ ಕೈಗೆ ದಾಟಿದ ಮುದಗಲ್ಲು, ತೋಪುಗಳ ಬಳಕೆ ಹೆಚ್ಚಿದ ಕಾಲದಲ್ಲಿ ಮತ್ತೆ ಕಟ್ಟಲ್ಪಟ್ಟಿತೆಂಬುದನ್ನು ಅದರ ಎರಡು ಸಾಲಿನ ಬುರುಜುಗಳು ಹೇಳುತ್ತವೆ. ಉತ್ತರದ ಹೊರಕೋಟೆಯೊಳಗೆ ಎರಡೂ ಬದಿ ಕಮಾನುಗಳಿರುವ ಅಂಗಳವಿದೆ. ಅದರ ಮೂರನೆಯ ಬಾಗಿಲಿನಲ್ಲಿ ಕಮಾನೂ ಇದೆ, ತೊಲೆಯೂ ಇದೆ. ಪಕ್ಕದ ಕಾಟಿ ದರವಾಜಾ ಮಸೀದಿಯ ಜೋಡಿ ಹಜಾರವನ್ನು ಹೊತ್ತಿರುವುದು ಗುಡಿಗಳ ಮಾದರಿಯ ಕಂಬಗಳು! ಇತ್ತ ವಿಜಯನಗರದರಸರೇ ಹಂಪಿಯ ಕಮಲ ಮಹಲಿಗೆ ದಳದಳವಾದ ಗಾರೆ ಕಮಾನುಗಳನ್ನು ಕಟ್ಟಿಸಿಕೊಂಡರು. ಶೈಲಿ ಆಳುವವರ ಧರ್ಮವನ್ನು ಹಿಂಬಾಲಿಸಿತೆಂಬ ಮಾತಿಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಶೈಲಿ ಮತ್ತು ಧರ್ಮದ ಈ ಚರ್ಚೆಯ ದಿಕ್ಕು ಬದಲಿಸಿದ್ದು 2014ರಲ್ಲಿ ಪ್ರಕಟವಾದ, ವಿದ್ವಾಂಸರಾದ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಅವರ ಗ್ರಂಥ. ಹಳೆಯ ಕಟ್ಟಡಗಳ ಮರುಬಳಕೆಯನ್ನು ಧರ್ಮದ ಜಗಳವಾಗಿ ನೋಡದೆ, ಅಧಿಕಾರ ಮತ್ತು ನೆನಪಿನ ರಾಜಕಾರಣವಾಗಿ ಅವರು ಓದಿದರು. ಅದಕ್ಕೆ ಅವರು ಮುಖ್ಯವಾಗಿ ಆರಿಸಿಕೊಂಡ ನೆಲೆಗಳು ಕಲ್ಯಾಣ, ವಾರಂಗಲ್ ಮತ್ತು ರಾಯಚೂರು. ಮುದಗಲ್ಲು ಆ ಮೂರರಲ್ಲಿ ಸೇರಿಲ್ಲ.