ಮೊದಲ ಮುದ್ರಣ ಮತ್ತು ಮೆಣಸು ಕೊಯ್ದವರು

2004ರಲ್ಲಿ ಅಮೆರಿಕದ ಸಂಗ್ರಾಹಕನೊಬ್ಬ ಎಂಟೇ ಎಂಟು ಪುಟದ ಹಳೆಯ ಪುಸ್ತಿಕೆಯೊಂದಕ್ಕೆ 8,75,000 ಡಾಲರ್ ಸುರಿದ. ಅದು ಹೊಸ ದ್ವೀಪಗಳನ್ನು ಕಂಡೆ ಎಂದು ಕೊಲಂಬಸ್ ಬರೆದ ಪತ್ರ. 1493ರಲ್ಲಿ ರೋಮಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾದದ್ದು. ಆಮೇಲೆ ಗೊತ್ತಾಯಿತು, ಅದು ವ್ಯಾಟಿಕನ್ ಗ್ರಂಥಾಲಯದಿಂದ ಕದ್ದ ಮಾಲು. ಕಳ್ಳರು ಅಸಲಿ ಪ್ರತಿ ಎತ್ತಿಕೊಂಡು ಅದರ ಜಾಗದಲ್ಲಿ ನಕಲಿ ಇಟ್ಟು ಹೋಗಿದ್ದರು. ಇಂಥದೇ ಕಳವು ಫ್ಲಾರೆನ್ಸ್, ಬಾರ್ಸಿಲೋನಾ, ವೆನಿಸ್ಸುಗಳಲ್ಲೂ ನಡೆದಿತ್ತು. ಫ್ಲಾರೆನ್ಸಿನ ಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೇ ಸಿಕ್ಕಿ 2016ರಲ್ಲಿ ಹಿಂತಿರುಗಿತು. ವ್ಯಾಟಿಕನ್ನಿನದು ಮತ್ತು ಬಾರ್ಸಿಲೋನಾದ್ದು 2018ರಲ್ಲಿ, ವೆನಿಸ್ಸಿನದು 2023ರಲ್ಲಿ ತಮ್ಮ ತಮ್ಮ ಊರು ಸೇರಿದವು. ಪೊಲೀಸರು, ವಕೀಲರು, ರಾಯಭಾರಿಗಳು ಎಲ್ಲರೂ ಓಡಾಡಿದರು. ಕದ್ದ ವಸ್ತು ವಾರಸುದಾರರಿಗೆ ಸಿಗಬೇಕು, ಸಿಕ್ಕಿತು. ಒಳ್ಳೆಯದೇ.

ಆದರೆ ಆ ಎಂಟು ಪುಟಗಳ ಒಳಗೆ ಏನಿದೆ? ರಾಜ ರಾಣಿಯರ ಹೆಸರಲ್ಲಿ ಬಾವುಟ ಬಿಚ್ಚಿ ದ್ವೀಪಗಳನ್ನು ವಶಪಡಿಸಿಕೊಂಡೆ, ಯಾರೂ ಎದುರಾಡಲಿಲ್ಲ ಎಂದು ಕೊಲಂಬಸ್ ಬರೆದಿದ್ದಾನೆ. ಮೊದಲು ಸಿಕ್ಕ ದ್ವೀಪದಲ್ಲೇ ಕೆಲವರನ್ನು ಬಲವಂತವಾಗಿ ಹಿಡಿದುಕೊಂಡೆ ಎಂದೂ ಬರೆದಿದ್ದಾನೆ. ಎದುರಾಡಲು ಅವರಿಗೆ ಇವನ ಭಾಷೆ ಗೊತ್ತಿತ್ತೇ? ಬಾವುಟ ಬಿಚ್ಚಿದರೆ ನೆಲ ಹೋಗುತ್ತದೆ ಎಂದು ಯಾರು ಹೇಳಿದ್ದರು? ಆ ಕಳವನ್ನು ಹೇಳುವ ಕಾಗದಕ್ಕೆ ವಾರಸುದಾರರು ಸಿಕ್ಕಿದರು. ಕಾಗದದಲ್ಲಿ ಹೇಳಿದ ನೆಲಕ್ಕೆ ಸಿಗಲಿಲ್ಲ.

ಇದು ನಮಗ್ಯಾಕೆ ಬೇಕು ಎಂದು ಗೆಳೆಯರು ಕೇಳಬಹುದು. ಕೂಲಿ, ಭೂಮಿ, ಹಾಸ್ಟೆಲ್ಲಿನ ಅನ್ನ ಇವುಗಳ ಮಾತು ಬಿಟ್ಟು ಸಾವಿರಾರು ಮೈಲಿ ದೂರದ ಶ್ರೀಮಂತರ ಪುಸ್ತಕದ ಹುಚ್ಚು ಯಾಕೆ? ಯಾಕೆಂದರೆ ಚರಿತ್ರೆ ಅಂತ ನಮಗೆ ಶಾಲೆಯಲ್ಲಿ ಕೊಟ್ಟದ್ದು ಈ ಪುಸ್ತಕಗಳಿಂದ ಸೋಸಿ ಬಂದದ್ದು. ಯಾರು ಯಾವ ನೆಲ ‘ಕಂಡುಹಿಡಿದರು’ ಎಂದು ಬಾಯಿಪಾಠ ಮಾಡಿ ಅಂಕ ಪಡೆದವರು ನಾವು. ಆ ಮಾತು ಎಲ್ಲಿ ಹುಟ್ಟಿತು, ಯಾರ ದುಡ್ಡಿನಲ್ಲಿ ಅಚ್ಚಾಯಿತು, ಯಾರ ಬೀರುವಿನಲ್ಲಿ ಉಳಿಯಿತು ಎಂದು ನೋಡುವುದು ನಮ್ಮ ಕೆಲಸವೇ.

ಮೊದಲ ಮುದ್ರಣದ ವ್ಯಾಪಾರಕ್ಕೆ ಅದರದೇ ಮಡಿ ಮೈಲಿಗೆ ಉಂಟು. ಪ್ರತಿಯಲ್ಲಿ ಎಲ್ಲ ಹಾಳೆಗಳೂ ಇರಬೇಕು. ನಕ್ಷೆಗಳು, ಚಿತ್ರಗಳು ಒಂದೂ ಕಡಿಮೆಯಾಗಿರಬಾರದು. ಅಚ್ಚಿನ ಕಾಲದ ರಟ್ಟು, ಹೊಲಿಗೆ ಹಾಗೇ ಉಳಿದಿದ್ದರೆ ಬೆಲೆ ಏರುತ್ತದೆ. ಯಾವ ಪ್ರಭು, ಯಾವ ಸೇನಾಧಿಪತಿ ಇಟ್ಟುಕೊಂಡಿದ್ದ ಎಂಬ ವಂಶಾವಳಿ ಇದ್ದರೆ ಇನ್ನೂ ಏರುತ್ತದೆ. ಪುಸ್ತಕಕ್ಕೂ ಕುಲ ಗೋತ್ರ! ಇನ್ನೊಂದು ಕಡೆ ಇದೇ ವ್ಯಾಪಾರದಲ್ಲಿ ಹಳೆಯ ಪುಸ್ತಕದಿಂದ ನಕ್ಷೆ, ಚಿತ್ರಗಳನ್ನು ಕಿತ್ತು ಬಿಡಿಬಿಡಿಯಾಗಿ ಮಾರುವವರೂ ಇದ್ದಾರೆ. ಇಡಿಯಾಗಿ ಮಾರುವುದಕ್ಕಿಂತ ಬಿಡಿಯಾಗಿ ಮಾರಿದರೆ ಲಾಭ ಹೆಚ್ಚು.

ಮೊದಲ ಮುದ್ರಣವೆಂದರೆ ಮೊದಲ ಮಾತು, ಕಲಬೆರಕೆ ಇಲ್ಲದ ಮಾತು ಎಂಬ ನಂಬಿಕೆ ಈ ಬೆಲೆಯ ಹಿಂದೆ ಇದೆ. ಅದು ಎಷ್ಟು ನಿಜ? ಇಂಗ್ಲೆಂಡಿನ ಜೇಮ್ಸ್ ಕುಕ್‌ನ ಪುಸ್ತಕಗಳನ್ನೇ ನೋಡೋಣ.

ಕುಕ್ ಎಂಡೆವರ್ ಹಡಗಿನಲ್ಲಿ 1768ರಲ್ಲಿ ಹೊರಟು 1771ರಲ್ಲಿ ತಿರುಗಿ ಬಂದ. ಅವನ ದಿನಚರಿಯನ್ನು ಸರ್ಕಾರದವರು ಜಾನ್ ಹಾಕ್ಸ್‌ವರ್ತ್ ಎಂಬ ಲೇಖಕನಿಗೆ ಕೊಟ್ಟರು. ಅವನು ಲಂಡನ್ನಿನಲ್ಲಿ ಕುಳಿತು ಕುಕ್‌ನ ದಿನಚರಿ, ಜೊತೆಗಿದ್ದ ಶ್ರೀಮಂತ ಜೋಸೆಫ್ ಬ್ಯಾಂಕ್ಸ್‌ನ ದಿನಚರಿ, ತನ್ನ ಸ್ವಂತ ತತ್ವಜ್ಞಾನ ಎಲ್ಲವನ್ನೂ ಕಲಸಿ, ಇಡೀ ಕಥೆಯನ್ನು ‘ನಾನು’ ಎಂದು ಕುಕ್‌ನ ಬಾಯಲ್ಲೇ ಹೇಳಿಸಿದ. ಪುಸ್ತಕ 1773ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಹಾಕ್ಸ್‌ವರ್ತ್‌ಗೆ ಸಿಕ್ಕಿದ್ದು 6,000 ಪೌಂಡ್. ಕುಕ್ ಆಗ ಎರಡನೇ ಯಾತ್ರೆಯಲ್ಲಿ ಸಮುದ್ರದ ಮೇಲಿದ್ದ. ತನ್ನ ಹೆಸರಿನ ಪುಸ್ತಕ ಅವನ ಕಣ್ಣಿಗೆ ಬಿದ್ದದ್ದು 1775ರಲ್ಲಿ, ಹಿಂತಿರುಗುವಾಗ ದಕ್ಷಿಣ ಆಫ್ರಿಕದ ಕೇಪ್‌ನಲ್ಲಿ. ಓದಿ ಅವನಿಗೆ ಬೇಸರವಾಯಿತು. ತಾನು ಆಡದ ಮಾತು ತನ್ನ ಬಾಯಲ್ಲಿತ್ತು. ಆ ಮೊದಲ ಯಾತ್ರೆಯ ಬಗ್ಗೆ ಕುಕ್ ತಾನೇ ಬರೆದ ದಿನಚರಿ ಅಚ್ಚಾದದ್ದು 1893ರಲ್ಲಿ, ನೂರಿಪ್ಪತ್ತು ವರ್ಷ ತಡವಾಗಿ! ಹಾಗಾದರೆ ಮೊದಲ ಮುದ್ರಣ ಯಾವುದು? ಹರಾಜಿನವರು 1773 ಅನ್ನುತ್ತಾರೆ. ಕುಕ್‌ನ ಮಾತು ಬೇಕಾದವನು 1893ರ ಪುಸ್ತಕ ಹಿಡಿಯಬೇಕು.

ಒಬ್ಬ ಕ್ಯಾಪ್ಟನ್‌ನ ಮಾತೇ ಹೀಗೆ ತಿರುಚಿಹೋದರೆ, ಹಡಗಿನ ತಳದಲ್ಲಿದ್ದವರ, ದಡದಲ್ಲಿ ನಿಂತವರ ಪಾಡೇನು?

ಅದೇ ಹಡಗಿನಲ್ಲಿ ತುಪಾಯಾ ಎಂಬವನಿದ್ದ. ರಾಯಾತೇಯಾ ದ್ವೀಪದವನು. ಪೂಜಾರಿ, ಜೊತೆಗೆ ಕಡಲದಾರಿ ಬಲ್ಲವನು. 1769ರಲ್ಲಿ ತಹೀತಿಯಲ್ಲಿ ಹಡಗು ಹತ್ತಿದ. ದಿಕ್ಸೂಚಿ, ಕಾಗದ ಯಾವುದೂ ಇಲ್ಲದೆ ನಕ್ಷತ್ರ, ಅಲೆ, ಗಾಳಿ, ಹಕ್ಕಿಗಳನ್ನು ನೋಡಿ ದಾರಿ ಹೇಳುವ ವಿದ್ಯೆ ಅವನ ಜನರದು. ಅವನು ಹೇಳಿದ್ದರಿಂದ 74 ದ್ವೀಪಗಳ ನಕ್ಷೆಯೊಂದು ತಯಾರಾಯಿತು. ನ್ಯೂಜಿಲೆಂಡಿನಲ್ಲಿ ಮಾವೊರಿ ಜನರೊಡನೆ ಮಾತಾಡಿದವನು ಅವನೇ. ಕುಕ್ ಮುಂದೆ ಅಲ್ಲಿಗೆ ಮತ್ತೆ ಹೋದಾಗ ಜನ ಕೇಳಿದ್ದು, ತುಪಾಯಾ ಎಲ್ಲಿ ಎಂದು. ಅವನು 1770ರ ಡಿಸೆಂಬರಿನಲ್ಲಿ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಕಾಯಿಲೆ ಬಿದ್ದು ಸತ್ತಿದ್ದ.

ಆ ಯಾತ್ರೆಯ ಚಿತ್ರಗಳಲ್ಲಿ ಕೆಲವು ಯಾರು ಬರೆದದ್ದೆಂದು ಬಹುಕಾಲ ಗೊತ್ತಿರಲಿಲ್ಲ. ಒಂದರಲ್ಲಿ ಮಾವೊರಿಯೊಬ್ಬ ಇಂಗ್ಲಿಷಿನವನಿಗೆ ದೊಡ್ಡ ಸಿಗಡಿಯೊಂದನ್ನು ಕೊಡುತ್ತಿದ್ದಾನೆ, ಬದಲಿಗೆ ಬಟ್ಟೆಯ ತುಂಡು ಪಡೆಯುತ್ತಿದ್ದಾನೆ. ಪಂಡಿತರು ಆ ಅನಾಮಿಕ ಚಿತ್ರಕಾರನನ್ನು ಬ್ಯಾಂಕ್ಸ್ ಇರಬಹುದೇ ಎಂದೂ ಊಹಿಸಿದ್ದರು. 1997ರಲ್ಲಿ ಬ್ಯಾಂಕ್ಸ್‌ನ ಹಳೆಯ ಕಾಗದವೊಂದು ಗಮನಕ್ಕೆ ಬಂತು. ಆ ಚಿತ್ರ ಬರೆದವನು ತುಪಾಯಾ ಎಂದು ಬ್ಯಾಂಕ್ಸನೇ ಅದರಲ್ಲಿ ಹೇಳಿದ್ದ. ಕಪ್ಪು ಕೈಯೊಂದು ಕುಂಚ ಹಿಡಿದಿರಬಹುದೆಂದು ಒಪ್ಪಲು ಇನ್ನೂರು ವರ್ಷದ ಮೇಲೆ ಬೇಕಾಯಿತು.

ಕುಕ್‌ನನ್ನು 1779ರ ಫೆಬ್ರವರಿ 14ರಂದು ಹವಾಯಿಯ ಜನ ಕೊಂದರು. ಅವನ ಮೂರನೇ ಯಾತ್ರೆಯ ಪುಸ್ತಕ 1784ರಲ್ಲಿ ಬಂದಾಗ ಮೂರೇ ದಿನದಲ್ಲಿ ಖರ್ಚಾಯಿತು. ಕುಕ್‌ನ ಹುಚ್ಚು ಎಷ್ಟಿತ್ತೆಂದರೆ 1787ರಲ್ಲಿ ಅಲೆಕ್ಸಾಂಡರ್ ಶಾ ಎಂಬ ಲಂಡನ್ನಿನ ವ್ಯಾಪಾರಿ ಇನ್ನೊಂದು ವಿಚಿತ್ರ ಪುಸ್ತಕ ತಂದ. ಕುಕ್‌ನ ಮೂರೂ ಯಾತ್ರೆಗಳಲ್ಲಿ ಬಂದ ಟಾಪಾ ಬಟ್ಟೆಗಳನ್ನು ಚೂರುಚೂರು ಕತ್ತರಿಸಿ ಹಾಳೆಗಳಂತೆ ಸೇರಿಸಿ ಹೊಲಿದ ಪುಸ್ತಕ ಅದು. ಒಂದೊಂದು ಪ್ರತಿಯಲ್ಲೂ ಚೂರುಗಳು ಬೇರೆ ಬೇರೆ. ಇಂದು ಸಂಗ್ರಾಹಕರಿಗೆ ಅದು ಸಿಕ್ಕರೆ ಕನಸು ಕೈಗೂಡಿದಂತೆ.

ಟಾಪಾ ಎಂದರೆ ಮರದ ತೊಗಟೆಯ ಬಟ್ಟೆ. ಒಳತೊಗಟೆ ಸುಲಿದು, ನೀರಲ್ಲಿ ನೆನೆಸಿ, ಗೀರುಗಳಿರುವ ಮರದ ಕೊಡತಿಯಿಂದ ಬಡಿದು ಬಡಿದು ಅಗಲ ಮಾಡಬೇಕು. ಬಡಿದವರು ಬಹುಪಾಲು ಹೆಂಗಸರು. ಹುಟ್ಟಿಗೆ, ಮದುವೆಗೆ, ಸಾವಿಗೆ ಬೇಕಾದ ಬಟ್ಟೆ ಅದು. ಪುಸ್ತಕದ ಮುಖಪುಟದಲ್ಲಿ ಕುಕ್‌ನ ಹೆಸರಿದೆ, ಶಾನ ಹೆಸರಿದೆ. ಬಡಿದ ಕೈಗಳ ಹೆಸರು ಒಂದೂ ಇಲ್ಲ. ಸಂಗ್ರಾಹಕನು ಕೈಗವಸು ಹಾಕಿಕೊಂಡು ಮುಟ್ಟುವ ಆ ಪುಸ್ತಕದಲ್ಲಿ ಅಕ್ಷರ ಕಡಿಮೆ, ಬೆವರೇ ಹೆಚ್ಚು.

ಇನ್ನು ಕೊಂಡವರ ದುಡ್ಡು ಎಲ್ಲಿಯದು? ಬ್ರಿಟಿಷ್ ಲೈಬ್ರರಿಯಲ್ಲಿರುವ ಥಾಮಸ್ ಗ್ರೆನ್‌ವಿಲ್‌ನ ಸಂಗ್ರಹದಲ್ಲಿ 20,240 ಸಂಪುಟಗಳಿವೆ. ಹಳೆಯ ಯಾತ್ರಾ ಗ್ರಂಥಗಳ ಒಳ್ಳೊಳ್ಳೆಯ ಪ್ರತಿಗಳು ಅದರಲ್ಲಿವೆ. 1846ರಲ್ಲಿ ಸಾಯುವ ಮುಂಚೆ ಅವನು ಅದನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಬರೆದುಕೊಟ್ಟ. ಕಾರಣವನ್ನೂ ಅವನೇ ಹೇಳಿದ: ಕೆಲಸವಿಲ್ಲದೆ ಸಂಬಳ ಬರುವ ಸರ್ಕಾರಿ ಹುದ್ದೆಯ ಹಣದಲ್ಲೇ ಇದರ ಬಹುಭಾಗ ಕೊಂಡದ್ದು, ಆದ್ದರಿಂದ ಜನಕ್ಕೆ ಹಿಂತಿರುಗಿಸುವುದು ನ್ಯಾಯ. ಒಪ್ಪಿಕೊಂಡನಲ್ಲ, ಅಷ್ಟು ಮರ್ಯಾದೆ ಅವನಿಗೆ ಸಲ್ಲಬೇಕು. ಜನರ ಬೊಕ್ಕಸದಲ್ಲಿ ಮನೆ ತುಂಬಿಕೊಂಡು ಕಡೆಗೆ ದಾನಶೂರ ಎನಿಸಿಕೊಳ್ಳುವವರು ಎಲ್ಲ ಕಡೆ ಇದ್ದಾರೆ. ಇದು ಜನರದ್ದೇ ಎಂದು ಬರೆದಿಟ್ಟವರು ಕಡಿಮೆ.

ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಜಾನ್ ಕಾರ್ಟರ್ ಬ್ರೌನ್ ಲೈಬ್ರರಿ ಇದೆ. ಅಮೆರಿಕ ಖಂಡಗಳ ಬಗ್ಗೆ 1800ರ ವರೆಗೆ ಅಚ್ಚಾದ ಪುಸ್ತಕಗಳ ದೊಡ್ಡ ಭಂಡಾರ. ಇದನ್ನು ಕಟ್ಟಿದವನ ಅಜ್ಜ ನಿಕೊಲಸ್ ಬ್ರೌನ್ ಮತ್ತು ಅವನ ಸೋದರರು 1764ರಲ್ಲಿ ಸ್ಯಾಲಿ ಎಂಬ ಹಡಗನ್ನು ಆಫ್ರಿಕಕ್ಕೆ ಕಳಿಸಿದರು, ಗುಲಾಮರನ್ನು ತರಲು. ಆ ಹಡಗಿನವರು 196 ಜನರನ್ನು ಕೊಂಡರು. ಅವರಲ್ಲಿ 109 ಮಂದಿಯಾದರೂ ಸತ್ತುಹೋದರು. ಬ್ರೌನ್ ವಿಶ್ವವಿದ್ಯಾಲಯವೇ 2006ರ ತನ್ನ ವರದಿಯಲ್ಲಿ ಈ ಚರಿತ್ರೆಯನ್ನು ಬಿಚ್ಚಿಟ್ಟಿತು. ಸ್ಯಾಲಿಯದೂ ಸಮುದ್ರಯಾತ್ರೆಯೇ. ಅದಕ್ಕೆ ಚಿನ್ನದ ಅಂಚಿನ ಮೊದಲ ಮುದ್ರಣ ಇಲ್ಲ. ಇರುವುದು ಲೆಕ್ಕದ ಪುಸ್ತಕ. ಇಂತಿಂಥ ದಿನ ಇಷ್ಟು ಜನ ಸತ್ತರು ಎಂಬ ಲೆಕ್ಕ.

ಇಷ್ಟೆಲ್ಲ ಹೇಳಿ ಈ ಪುಸ್ತಕಗಳನ್ನು ಸುಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ. ಅವುಗಳಲ್ಲಿ ನಮ್ಮವರೂ ಇದ್ದಾರೆ. ಹೇಗೆ ಇದ್ದಾರೆ ಎಂಬುದನ್ನು ಗೆಳೆಯರು ಗಮನಿಸಬೇಕು.

ಲುಡೊವಿಕೊ ವರ್ತೆಮಾ ಎಂಬ ಇಟಲಿಯವನು 1500ರ ದಶಕದಲ್ಲಿ ಅರೇಬಿಯಾ ದಾಟಿ ಕಡಲ ಮೇಲೆ ನಮ್ಮ ಪಡುವಣ ಕರಾವಳಿಗೆ ಬಂದ. ಭಟ್ಕಳ, ಹೊನ್ನಾವರ, ಮಂಗಳೂರು, ವಿಜಯನಗರ ಎಲ್ಲದರ ಬಗ್ಗೆ ಬರೆದ. ಕಲ್ಲಿಕೋಟೆಯ ಬಗ್ಗೆ ಬಹಳ ಬರೆದ. ಪೋರ್ಚುಗೀಸರ ಪರ ಹೋರಾಡಿ ಬಿರುದನ್ನೂ ಪಡೆದ. ಅವನ ಪುಸ್ತಕ 1510ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಕೆಲವೇ ವರ್ಷಗಳಲ್ಲಿ ಲ್ಯಾಟಿನ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಿಗೆ ಹೋಯಿತು. 1510ರ ಆ ಮೊದಲ ಮುದ್ರಣ ಈಗ ಬಲು ಅಪರೂಪದ್ದು.

ಕಲ್ಲಿಕೋಟೆಯಲ್ಲಿ ಜನರನ್ನು ಆರು ದರ್ಜೆ ಮಾಡಿದ್ದಾರೆ ಎನ್ನುತ್ತಾನೆ ವರ್ತೆಮಾ. ಐದನೆಯವರು ‘ಪೊಲಿಯಾರ್’, ಅಂದರೆ ಪುಲಯರು. ಮೆಣಸು, ಕಳ್ಳು, ಕಾಯಿ ಇಳಿಸುವವರು. ಆರನೆಯವರನ್ನು ‘ಹಿರಾವ’ ಎಂದು ಕರೆಯುತ್ತಾನೆ. ಭತ್ತ ನೆಟ್ಟು ಕೊಯ್ಯುವವರು. ಈ ಎರಡು ದರ್ಜೆಯವರು ಬ್ರಾಹ್ಮಣರಿಗೂ ನಾಯರಿಗೂ ಐವತ್ತು ಹೆಜ್ಜೆ ದೂರ ಇರಬೇಕು. ಕೆಸರಿನ ಕಳ್ಳದಾರಿಗಳಲ್ಲೇ ನಡೆಯಬೇಕು. ನಡೆಯುವಾಗ ಗಟ್ಟಿಯಾಗಿ ಕೂಗುತ್ತಾ ಹೋಗಬೇಕು. ಕೂಗದೆ ಎದುರಾದರೆ ನಾಯರು ಕೊಲ್ಲಬಹುದು, ಶಿಕ್ಷೆ ಇಲ್ಲ. ಇದು 1510ರಲ್ಲೇ ಯೂರೋಪಿನಲ್ಲಿ ಅಚ್ಚಾದ ಮಾತು.

ಈಗ ಲೆಕ್ಕ ಹಾಕಿ. ಆ ಹಡಗುಗಳೆಲ್ಲ ಯಾವುದಕ್ಕಾಗಿ ಬಂದವು? ಮೆಣಸಿಗಾಗಿ. ಗಾಮ ಆಫ್ರಿಕ ಸುತ್ತಿ 1498ರಲ್ಲಿ ಕಲ್ಲಿಕೋಟೆಯ ಬಳಿ ಇಳಿದದ್ದು ಅದಕ್ಕೇ. ಲಿಸ್ಬನ್ನಿನ ಅರಮನೆ ಏರಿದ್ದು ಆ ದುಡ್ಡಿನಲ್ಲೇ. ಆ ಮೆಣಸನ್ನು ಬಳ್ಳಿಯಿಂದ ಕೊಯ್ದ ಕೈ ಯಾವುದು? ಯಾವ ಕೈಯನ್ನು ಕಂಡರೆ ಕೊಲ್ಲಬಹುದೋ ಆ ಕೈ! ಅದು ಮುಟ್ಟಿದ ಮೆಣಸಿಗೆ ಮೈಲಿಗೆ ಇಲ್ಲ. ಬ್ರಾಹ್ಮಣನ ಸಾರಿಗೂ ಸೈ, ಪೋಪನ ಊಟಕ್ಕೂ ಸೈ. ಮೈಲಿಗೆ ಏನಿದ್ದರೂ ಮನುಷ್ಯನಿಗೆ. ಅಸ್ಪೃಶ್ಯತೆ ಇಂಗ್ಲಿಷರು ಹುಟ್ಟಿಸಿದ್ದು ಎಂದು ಭಾಷಣ ಬಿಗಿಯುವವರ ಮುಂದೆ ಈ ಪುಟವನ್ನು ಇಡಬೇಕು. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಈ ಪುಟ ಅಚ್ಚಾಗಿ ಆಗಲೇ ತೊಂಬತ್ತು ವರ್ಷವಾಗಿತ್ತು.

ವರ್ತೆಮಾ ನಮ್ಮ ಬಂಧುವೇನಲ್ಲ. ವಿಚಿತ್ರ ಪ್ರಾಣಿಗಳ ಪಟ್ಟಿಯ ಜೊತೆಯಲ್ಲೇ ನಮ್ಮವರನ್ನೂ ಪಟ್ಟಿ ಮಾಡಿದ. ಆದರೂ ಅವನ ಸಾಕ್ಷಿ ನಮಗೆ ಬೇಕು. ಶತ್ರುವಿನ ಕಡೆಯ ಸಾಕ್ಷಿಯೂ ಒಮ್ಮೊಮ್ಮೆ ನಿಜ ನುಡಿಯುತ್ತಾನೆ.

ಹಡಗು ಏರಿದ ದಮನಿತರೇ ಪೆನ್ನು ಹಿಡಿದದ್ದೂ ಉಂಟು. ಓಲಾಡಾ ಈಕ್ವಿಯಾನೊ ಗುಲಾಮನಾಗಿದ್ದವನು. 1766ರಲ್ಲಿ ದುಡ್ಡು ಕೂಡಿಸಿ ತನ್ನನ್ನು ತಾನೇ ಕೊಂಡು ಬಿಡಿಸಿಕೊಂಡ. 1773ರಲ್ಲಿ ಫಿಪ್ಸ್‌ನ ಉತ್ತರ ಧ್ರುವದ ಯಾತ್ರೆಗೆ ಹೋದ. ಉಪ್ಪುನೀರನ್ನು ಕುಡಿಯುವ ನೀರಾಗಿ ಮಾಡುವುದು ಅಲ್ಲಿ ಅವನ ಕೆಲಸ. ಫಿಪ್ಸ್‌ನ ಪುಸ್ತಕ 1774ರಲ್ಲಿ ಬಂತು. ಈಕ್ವಿಯಾನೊ 1789ರಲ್ಲಿ ಮುಂಗಡ ಚಂದಾ ಎತ್ತಿ ತನ್ನ ಆತ್ಮಕಥೆ ಅಚ್ಚು ಹಾಕಿಸಿದ. ತಾನೇ ಬರೆದದ್ದು ಎಂದು ಮುಖಪುಟದಲ್ಲೇ ಮುದ್ರಿಸಿದ. ಯಾವ ಹಾಕ್ಸ್‌ವರ್ತ್‌ಗೂ ತನ್ನ ‘ನಾನು’ವನ್ನು ಬಿಟ್ಟುಕೊಡಲಿಲ್ಲ. ಅವನು ಬದುಕಿದ್ದಾಗಲೇ ಪುಸ್ತಕ ಒಂಬತ್ತು ಮುದ್ರಣ ಕಂಡಿತು.

ಹಳ್ಳಿಯ ಮೇಷ್ಟರಿಗೆ, ವಿದ್ಯಾರ್ಥಿಗಳಿಗೆ ನಮ್ಮ ಮಾತು ಇಷ್ಟೇ. ಈ ಪುಸ್ತಕಗಳಲ್ಲಿ ಬಹಳಷ್ಟು ಈಗ ಅಂತರಜಾಲದಲ್ಲಿ ಬಿಟ್ಟಿ ಸಿಗುತ್ತವೆ. ಬ್ರೌನ್ ಲೈಬ್ರರಿಯವರೂ ಹಾಕಿದ್ದಾರೆ. ವರ್ತೆಮಾನ ಇಂಗ್ಲಿಷ್ ಅನುವಾದವನ್ನು ಹಕ್ಲೂಯಿಟ್ ಸೊಸೈಟಿ 1863ರಲ್ಲೇ ತಂದಿದೆ. ಕಲ್ಲಿಕೋಟೆಯ ಆ ಒಂದು ಪುಟವನ್ನು ಕನ್ನಡ ಮಾಡಿ ತರಗತಿಯಲ್ಲಿ ಓದಿ. ಗಾಮ ಬಂದ ವರ್ಷ ಕೇಳುವ ಬದಲು ಮೆಣಸು ಕೊಯ್ದವರು ಯಾರು ಎಂದು ಕೇಳಿ.

ಇನ್ನೊಂದು ಕೆಲಸ ಇದೆ. ನಮ್ಮ ಮೊದಲ ಮುದ್ರಣಗಳು ಎಲ್ಲಿವೆ? ಚಂದಾ ಎತ್ತಿ ತಂದ ಸಣ್ಣ ಪತ್ರಿಕೆಗಳು, ಸೈಕ್ಲೋಸ್ಟೈಲ್ ಮಾಡಿದ ಕರಪತ್ರಗಳು, ಎರಡು ಪಿನ್ನು ಹೊಡೆದ ಕವನ ಸಂಕಲನಗಳು ಅಟ್ಟದ ಮೇಲೆ ಗೆದ್ದಲು ತಿನ್ನುತ್ತಿವೆ, ರದ್ದಿಗೆ ಕೆಜಿ ಲೆಕ್ಕದಲ್ಲಿ ಹೋಗುತ್ತಿವೆ. ಅವಕ್ಕೆ ಯಾವ ಗ್ರೆನ್‌ವಿಲ್ಲನೂ ಬರುವುದಿಲ್ಲ, ಬರುವುದೂ ಬೇಡ. ಊರಿಗೊಬ್ಬರು ಒಂದು ಟ್ರಂಕು ಇಟ್ಟು, ಬೇವಿನೆಲೆ ಹಾಕಿ ಕೂಡಿಡಿ. ಅಚ್ಚಾದ ವರ್ಷ, ಊರು, ದುಡ್ಡು ಕೊಟ್ಟವರು, ಮೊಳೆ ಜೋಡಿಸಿದವರು, ಎಲ್ಲರ ಹೆಸರನ್ನೂ ಒಳರಟ್ಟಿನ ಮೇಲೆ ಬರೆದಿಡಿ.