ತಡವಾಗಿ ಕೊಟ್ಟ ಉತ್ತರ

ದೆಹಲಿ ಸುಲ್ತಾನರ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ತುರ್ಕರು ಅಂದ್ರೆ ಎಲ್ಲರೂ ಒಂದೇ ಜನಾನಾ?" ಎಂದು ಕೇಳಿದಳು. ನಾನು ಹೌದು ಎಂದು ಪಾಠ ಮುಂದುವರಿಸಿದೆ. ಅದು ತಪ್ಪು ಉತ್ತರವೆಂದು ನನಗೆ ತಿಳಿದದ್ದು ನಿವೃತ್ತಿಯ ನಂತರ. ಆಕೆ ಈ ಸಂಚಿಕೆ ಓದುತ್ತಾಳೆಂದು ನಂಬಿ ಬರೆಯುತ್ತಿದ್ದೇನೆ.

ಹನ್ನೊಂದರಿಂದ ಹದಿಮೂರನೆಯ ಶತಮಾನದವರೆಗೆ ಕಪ್ಪು ಸಮುದ್ರದ ಉತ್ತರದಿಂದ ಇಂದಿನ ಕಜಕಸ್ತಾನದವರೆಗಿನ ಹುಲ್ಲುಗಾವಲಿನಲ್ಲಿ ಕುದುರೆ ಸಾಕುವ ತುರ್ಕಿ ಭಾಷೆಯ ಜನರಿದ್ದರು. ಪರ್ಷಿಯನ್ ಲೇಖಕರು ಅವರನ್ನು ಕಿಪ್ಚಾಕರು ಎಂದರು. ಬೈಜಾಂಟಿಯಮ್ಮಿನವರಿಗೆ ಅವರು ಕುಮನರು, ಹಂಗೇರಿಯವರಿಗೆ ಕುನ್. ರಷ್ಯದ ವೃತ್ತಾಂತಗಳಲ್ಲಿ ಪೊಲೊವ್‌ತ್ಸಿ. ಒಣಹುಲ್ಲಿನ ಹಾಗೆ ತಿಳಿಹಳದಿ ಬಣ್ಣದವರು ಎಂದು ಇದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಕುಮನರೂ ಕಿಪ್ಚಾಕರೂ ಮೊದಲು ಬೇರೆಯಾಗಿದ್ದು ಆಮೇಲೆ ಬೆರೆತರೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಇವೆಲ್ಲ ನೆರೆಯವರು ಬರೆದಿಟ್ಟ ಹೆಸರುಗಳು. ಅವರಿಗೆ ಒಬ್ಬನೇ ರಾಜನಿರಲಿಲ್ಲ, ಕುಲಕ್ಕೊಬ್ಬ ಖಾನ. ತಮ್ಮ ಇತಿಹಾಸವನ್ನು ತಾವು ಬರೆದಿಡಲಿಲ್ಲ. ಬಿಟ್ಟುಹೋದದ್ದು ಕಲ್ಲಿನ ಪ್ರತಿಮೆಗಳನ್ನು. ಗಂಡಾಗಲಿ ಹೆಣ್ಣಾಗಲಿ, ಎರಡೂ ಕೈಗಳಿಂದ ಹೊಟ್ಟೆಯ ಬಳಿ ಬಟ್ಟಲು ಹಿಡಿದು ನಿಂತಿರುತ್ತಾರೆ. ನಮ್ಮ ವೀರಗಲ್ಲುಗಳ ಮೇಲೆ ಎಷ್ಟೋ ಸಲ ಸತ್ತವನ ಹೆಸರಾದರೂ ಸಿಗುತ್ತದೆ. ಇವುಗಳ ಮೇಲೆ ಅದೂ ಇಲ್ಲ.

1223ರಲ್ಲಿ ಕಾಲ್ಕಾ ನದಿಯ ಬಳಿ ಮಂಗೋಲರು ಅವರನ್ನೂ ಅವರ ಜೊತೆಗಿದ್ದ ರಷ್ಯದ ಅರಸರನ್ನೂ ಸೋಲಿಸಿದರು. ಮುಂದೆ ಹುಲ್ಲುಗಾವಲೇ ಮಂಗೋಲರ ವಶವಾಯಿತು. ಕೋತೆನ್ ಎಂಬ ಖಾನ ತನ್ನ ಜನರೊಂದಿಗೆ 1239ರಲ್ಲಿ ಹಂಗೇರಿ ಸೇರಿದ. ಅವರು ನೆಲೆಸಿದ ಸೀಮೆಗೆ ಈಗಲೂ ಕುನ್‌ಶಾಗ್ ಎಂದೇ ಹೆಸರು. ಭಾಷೆ ಅಳಿದ ಮೇಲೂ ಆ ಭಾಷೆಯ ಒಂದು ಪ್ರಾರ್ಥನೆ ಅಲ್ಲಿನವರ ಬಾಯಲ್ಲಿ ಉಳಿದಿತ್ತು. ಗುಲಾಮನಾಗಿ ಮಾರಾಟವಾದ ಬೈಬರ್ಸ್ ಎಂಬ ಕಿಪ್ಚಾಕ್ ಹುಡುಗ 1260ರಲ್ಲಿ ಈಜಿಪ್ಟಿನ ಸುಲ್ತಾನನಾದ. ಅಲ್ಲಿ ಜನ ಅದನ್ನು ತುರ್ಕರ ರಾಜ್ಯ ಎಂದರು.

ಅವರ ಭಾಷೆಯ ಪದಪಟ್ಟಿ, ಒಗಟುಗಳಿರುವ ಹಸ್ತಪ್ರತಿಯೊಂದು ವೆನಿಸ್ಸಿನ ಗ್ರಂಥಾಲಯದಲ್ಲಿದೆ. ಅದರ ಒಂದು ಭಾಗದಲ್ಲಿ 1303ರ ಇಸವಿ ಇದೆ. ಬರೆದವರು ಇಟಲಿಯ, ಜರ್ಮನಿಯ ಕಡೆಯವರು. ಅಲ್ಲಿ ಆ ಭಾಷೆಗೆ ಕುಮನ್ ಎಂಬ ಹೆಸರಿನ ಜೊತೆಗೆ ತಾತಾರ್ ಎಂಬ ಹೆಸರೂ ಇದೆ! ಗೆದ್ದವರಿಗೆ ಹೊರಗಿನವರು ಇಟ್ಟಿದ್ದ ಹೆಸರು ಸೋತವರ ಮಾತಿಗೂ ಅಂಟಿಕೊಂಡಿತ್ತು.

ನಮ್ಮ ಶಾಸನಗಳ ತುರುಷ್ಕ, ತುರುಕ ಎಂಬ ಮಾತುಗಳೂ ದೂರದಿಂದ ನೋಡಿ ಇಟ್ಟವೇ. ಹಾಗಾದರೆ ಆ ಹುಡುಗಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟು: ಇಲ್ಲಮ್ಮ, ಭಾಷೆಗಳು ಹತ್ತಿರದವು, ಕುಲಗಳು ಹಲವು. ನೀನು ಪರೀಕ್ಷೆಗೆ ಓದಿದ ಇಲ್ತಮಶ್‌ನನ್ನೇ ಯಾರ ಪೈಕಿ ಎಂದು ಕೇಳಿದ್ದರೆ, ಮೊದಲು ಇಲ್ಬಾರಿ ಎನ್ನುತ್ತಿದ್ದನೋ ಏನೋ.